ಬೇಲಿ ಮೊದಲು, ಬೀಜ ಆಮೇಲೆ: ಎರಿ ನೆಲದ ಹಿತ್ತಲಲ್ಲಿ ಕಾಯಿಪಲ್ಯ ಬೆಳೆಯುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಸಸಿ ತಂದು ಹಚ್ಚಿದೆವು, ಚೆನ್ನಾಗಿಯೇ ಎದ್ದಿತು, ಕಾಯಿ ಹಿಡಿಯುವ ಹೊತ್ತಿಗೆ ಮಂಗ ಬಂದು ಕಿತ್ತುಹಾಕಿದವು, ಉಳಿದದ್ದು ಬಿಸಿಲಿಗೆ ಸುಟ್ಟಿತು. ಏನು ಸಿಂಪಡಿಸಬೇಕು?

ಸಿಂಪಡಿಸಿ ಆಗುವ ಕೆಲಸ ಇದಲ್ಲ. ಈ ಭಾಗದ ಹಿತ್ತಲುಗಳು ಬಹುಪಾಲು ಕೆಡುವುದು ಕೆಲಸದ ಸರದಿ ತಪ್ಪುವುದರಿಂದ. ಮೊದಲು ಸಸಿ ಹಚ್ಚಿ, ಹಾನಿಯಾದ ಮೇಲೆ ಬೇಲಿಗೆ ಓಡಾಡುವ ಹೊತ್ತಿಗೆ ಮಂಗಗಳಿಗೆ ದಾರಿಯೂ ರುಚಿಯೂ ಗೊತ್ತಾಗಿರುತ್ತದೆ. ಒಮ್ಮೆ ಹೊಟ್ಟೆ ತುಂಬಿದ ಜಾಗವನ್ನು ಅವು ಬಿಡುವುದಿಲ್ಲ. ಆಮೇಲೆ ಕಟ್ಟಿದ ಬಲೆಯನ್ನು ಹರಿಯುವವರೆಗೂ ಬಿಡುವುದಿಲ್ಲ. ಎರಡನೆಯ ತಪ್ಪು, ಮಕ್ಕಳಿಗೆ ರಜೆ ಬಂತೆಂದು ಏಪ್ರಿಲ್‌ನಲ್ಲಿ ತೋಟ ಶುರುಮಾಡುವುದು. ಆಗ ಬಿಸಿಲು 42 ಡಿಗ್ರಿ ದಾಟಿರುತ್ತದೆ, ಹೊಲಗಳು ಖಾಲಿಯಾಗಿರುತ್ತವೆ, ಊರ ಸುತ್ತ ಹಸಿರೆಂದರೆ ನಿಮ್ಮ ಹಿತ್ತಲೊಂದೇ. ಹೊಸಬರು ಬೇಲಿ, ಮಡಿ ಎರಡನ್ನೂ ಜುಲೈ–ಆಗಸ್ಟ್‌ನಲ್ಲಿ ಮುಗಿಸಿ ಹಸ್ತ ಮಳೆಗೆ (ಸೆಪ್ಟೆಂಬರ್ ಕೊನೆಗೆ) ಬೀಜ ಹಾಕಬೇಕು.

ಕೆಳಗಿನ ಅಳತೆಗಳೆಲ್ಲ 12 ಅಡಿ ಉದ್ದ, 6 ಅಡಿ ಅಗಲದ ಒಂದು ತುಂಡು ಜಾಗಕ್ಕೆ. ನಾಲ್ಕು ಜನರ ಮನೆಗೆ ಎಲ್ಲ ಕಾಯಿಪಲ್ಯ ಇದರಿಂದ ಆಗದು. ಸೊಪ್ಪು, ಮೆಣಸಿನಕಾಯಿ, ಬದನೆ, ಟೊಮ್ಯಾಟೊ ಸಾಕಷ್ಟು ಸಿಗುತ್ತವೆ. ಮೊದಲ ವರ್ಷ ಇದಕ್ಕಿಂತ ದೊಡ್ಡದಕ್ಕೆ ಕೈಹಾಕಬೇಡಿ.

1. ಯಾರು ತಿನ್ನುತ್ತಿದ್ದಾರೆ ಎಂದು ಪತ್ತೆಮಾಡಿ

ಒಂದು ಪ್ರಾಣಿಗೆ ಕಟ್ಟಿದ ಬೇಲಿ ಇನ್ನೊಂದಕ್ಕೆ ಲೆಕ್ಕಕ್ಕಿಲ್ಲ. ಹಾನಿ ನೋಡಿಯೇ ಹೇಳಬಹುದು.

ಎಲೆ, ಚಿಗುರು, ಹೂವು ಸವರಿದಂತೆ ಹೋಗಿ ಕಾಂಡ ನಿಂತಿದ್ದರೆ ಕರಿಮೂತಿಯ ಮುಸಿಯಾ. ಕಾಯಿ ಕಿತ್ತು ಒಂದು ಕಡಿತ ಕಚ್ಚಿ ಬಿಸಾಡಿದ್ದರೆ, ಸಸಿ ಬೇರುಸಹಿತ ಬಿದ್ದಿದ್ದರೆ ಕೆಂಪು ಮೂತಿಯ ಸಣ್ಣ ಮಂಗ. ನೆಲ ಉತ್ತಂತೆ ತಿರುವಿಹೋಗಿದ್ದರೆ ಹಂದಿ: ಚಿಂಚೋಳಿಯಂಥ ಕಾಡಂಚಿನ ಊರಲ್ಲಿ ಕಾಡುಹಂದಿ, ಪೇಟೆಯ ಬಡಾವಣೆಯಲ್ಲಿ ಬಿಡಾಡಿ ಹಂದಿ; ಎರಡಕ್ಕೂ ಬೇಲಿ ಒಂದೇ. ಬೀದರ್ ಸುತ್ತಿನ ಬಯಲಲ್ಲಿ ಸೊಪ್ಪಿನ ತುದಿ ಮಾತ್ರ ಮೇಯ್ದು ಗೊರಸಿನ ಗುರುತಿದ್ದರೆ ಚಿಗರಿ (ಕೃಷ್ಣಮೃಗ). ಮೊಳಕೆ ಕೆದರಿ ಬೀಜ ಹೆಕ್ಕಿದ್ದರೆ ನವಿಲು. ರಾತ್ರಿ ಗಡ್ಡೆ ಕಡಿದು, ಮಡಿಯ ಬದಿಗೆ ಮುಷ್ಟಿ ಹಿಡಿಯುವಷ್ಟು ಬಿಲ ಬಿದ್ದಿದ್ದರೆ ಹೆಗ್ಗಣ. ಹಣ್ಣಾಗುತ್ತಿರುವ ಟೊಮ್ಯಾಟೊಗೆ ಮಾತ್ರ ತೂತು ಬಿದ್ದಿದ್ದರೆ ಅಳಿಲು ಇಲ್ಲವೆ ಹಕ್ಕಿ.

ಹಗಲಿನ ಹಾನಿಯೋ ರಾತ್ರಿಯದೋ ಎನ್ನುವುದೂ ಮುಖ್ಯ. ಮಂಗ, ನವಿಲು, ಅಳಿಲು ಹಗಲಿಗರು. ಹಂದಿ, ಹೆಗ್ಗಣ ಕತ್ತಲಾದ ಮೇಲೆ. ಸಂಜೆ ಮಡಿಯ ಸುತ್ತ ಒಂದು ಗೇಣಗಲ ನುಣ್ಣನೆಯ ಬೂದಿ ಹರಡಿ ಬೆಳಗ್ಗೆ ಹೆಜ್ಜೆ ನೋಡಿದರೆ ಅನುಮಾನ ಉಳಿಯದು.

2. ಜಾಗ ಆರಿಸಿ, ಮಡಿ ಎತ್ತರಿಸಿ

ಮನೆಯ ಮೂಡಣ ಬದಿ ಸಿಕ್ಕರೆ ಬಿಡಬೇಡಿ. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನ ಎರಡು–ಮೂರು ಗಂಟೆಯ ನಂತರ ಗೋಡೆಯ ನೆರಳು ಬರುವ ಜಾಗ ಈ ಸೀಮೆಗೆ ಹೇಳಿಮಾಡಿಸಿದ್ದು. ಪಡುವಣ ಗೋಡೆಗೆ ಒರಗಿದ ಮಡಿಯಲ್ಲಿ ಮೇ ತಿಂಗಳ ಸಂಜೆ ಗೋಡೆಯೂ ಕಾದು ಗಿಡವನ್ನು ಬೇಯಿಸುತ್ತದೆ.

ಎರಿ ಮಣ್ಣಿನವರಿಗೆ, ಅಂದರೆ ಕಪ್ಪು ಮಣ್ಣಿನವರಿಗೆ, ಒಂದು ಎಚ್ಚರಿಕೆ. ಈ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಗೋಡೆಯ ಬುಡಕ್ಕೇ ಮಡಿ ಮಾಡಿ ದಿನಾ ನೀರು ಬಿಟ್ಟರೆ ಬುನಾದಿಯ ಒಂದು ಬದಿ ಮಾತ್ರ ಉಬ್ಬಿ ಗೋಡೆಗೆ ಬಿರುಕು ಬರುತ್ತದೆ. ಗೋಡೆಯಿಂದ ಕನಿಷ್ಠ 3 ಅಡಿ ಬಿಡಿ, ಮಳೆನೀರಿನ ಇಳಿಜಾರು ಮನೆಯಿಂದ ಆಚೆಗಿರಲಿ.

ಅಗೆಯಲು ಹದ ನೋಡಿ. ಎರಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ಪುಡಿಯಾಗಿ ಒಡೆದರೆ ಹದ ಬಂದಿದೆ. ಚಪ್ಪಟೆಯಾಗಿ ಕೂತರೆ ಹಸಿ ಹೆಚ್ಚು, ಇನ್ನೆರಡು ದಿನ ಕಾಯಿರಿ. ಹಸಿ ಮಣ್ಣನ್ನು ತುಳಿದು ಅಗೆದರೆ ಹೆಂಟೆ ಕಟ್ಟಿಕೊಳ್ಳುತ್ತದೆ, ಆ ವರ್ಷ ಪೂರ್ತಿ ಬೇರು ಇಳಿಯುವುದಿಲ್ಲ.

ನಡುವೆ ಒಂದೂವರೆ ಅಡಿ ದಾರಿ ಬಿಟ್ಟು, ಎರಡೂ ಬದಿಗೆ 2 ಅಡಿ 3 ಇಂಚು ಅಗಲದ ಎರಡು ಉದ್ದ ಮಡಿ ಮಾಡಿ. ಅಂಚಿಗೆ ಇಟ್ಟಿಗೆ ಬೇಡ. ನಮ್ಮಲ್ಲಿ ಶಹಾಬಾದ್ ಫರ್ಸಿಯ (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲಿನ) ಒಡಕು ತುಂಡು ಅಗ್ಗಕ್ಕೆ ಸಿಗುತ್ತದೆ. 15 ಇಂಚು ಎತ್ತರದ ತುಂಡುಗಳನ್ನು ನಿಲ್ಲಿಸಿ, 6 ಇಂಚು ಹೂಳಿ, 9 ಇಂಚು ಮೇಲೆ ಬಿಡಿ. ಮಣ್ಣಿಗೆ ಒತ್ತುವಂತೆ ಕಲ್ಲನ್ನು ತುಸು ಒಳಕ್ಕೆ ವಾಲಿಸಿ, ಇಲ್ಲವಾದರೆ ಮೊದಲ ಮಳೆಗೇ ಮಣ್ಣು ಉಬ್ಬಿ ಹೊರಕ್ಕೆ ಬೀಳುತ್ತವೆ. ಕೀಲುಗಳನ್ನು ಸಿಮೆಂಟಿನಿಂದ ಮುಚ್ಚಬೇಡಿ, ನೀರು ಬಸಿಯಬೇಕು. ಸೆಪ್ಟೆಂಬರ್‌ನಲ್ಲಿ ಬಿಟ್ಟೂಬಿಡದೆ ಮಳೆ ಹಿಡಿದಾಗ ಗಿಡ ಉಳಿಸುವುದು ಈ ಒಂಬತ್ತು ಇಂಚೇ. ಎರಿ ಮಣ್ಣಿನ ಸಮತಟ್ಟು ಮಡಿಯಲ್ಲಿ ಎರಡು ದಿನ ನೀರು ನಿಂತರೆ ಮೆಣಸಿನಗಿಡ ಬೇರು ಕೊಳೆತು ಸೊರಗುತ್ತದೆ.

ಮಡಿ ತುಂಬಲು ಸುಮಾರು 40 ಘನ ಅಡಿ ಮಣ್ಣು ಬೇಕು. ಸಿಮೆಂಟಿನ ಖಾಲಿ ಚೀಲ ಸುಮಾರು ಒಂದೂಕಾಲು ಘನ ಅಡಿ ಹಿಡಿಯುತ್ತದೆ, ಅದನ್ನೇ ಅಳತೆಗೆ ಇಟ್ಟುಕೊಳ್ಳಿ: ದಾರಿ ಮತ್ತು ಹಿತ್ತಲಿಂದ ಅಗೆದ ಎರಿ ಮಣ್ಣು 16 ಚೀಲ, ಕೆಂಪು ಮಣ್ಣು ಅಥವಾ ಜರಡಿ ಹಿಡಿದ ಮೊರಂ (ಗರಸು ಮಣ್ಣು) 8 ಚೀಲ, ಪೂರ್ತಿ ಕಳಿತ ತಿಪ್ಪೆಗೊಬ್ಬರ 8 ಚೀಲ. ಇದಕ್ಕೆ ಒಂದು ಕೆ.ಜಿ. ಬೇವಿನ ಹಿಂಡಿ. ಎರಡು ಬುಟ್ಟಿ ಮರಳು ಹಾಕಿದರೆ ಎರಿ ಮಣ್ಣು ಸಡಿಲವಾಗುತ್ತದೆ ಎಂಬ ಮಾತು ನಂಬಬೇಡಿ. ಸಡಿಲ ಮಾಡುವುದು ಗೊಬ್ಬರ. ಅರೆಕಳಿತ ಸಗಣಿಯ ಜೊತೆಗೆ ಗೊಣ್ಣೆಹುಳ, ಒರಲೆ, ಕಸದ ಬೀಜ ಎಲ್ಲವೂ ಬರುತ್ತವೆ. ಮುಷ್ಟಿಯಲ್ಲಿ ಹಿಡಿದಾಗ ಬಿಸಿಯಿರಬಾರದು, ಸಗಣಿ ವಾಸನೆ ಇರಬಾರದು.

ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲದವರ ಲೆಕ್ಕ ಬೇರೆ. ಅಲ್ಲಿ ನೀರು ನಿಲ್ಲುವ ಚಿಂತೆಯಿಲ್ಲ, ನಿಲ್ಲದಿರುವುದೇ ಚಿಂತೆ. ಅಂಚು 5–6 ಇಂಚು ಎದ್ದರೆ ಸಾಕು. ಮೊರಂ ಬದಲು ಒಂದು ಪಾಲು ಎರಿ ಮಣ್ಣು ಬೆರೆಸಿ, ಗೊಬ್ಬರ ಹೆಚ್ಚಿಸಿ.

ಮಣ್ಣು ಪರೀಕ್ಷೆಗೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಯ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಬೋರ್‌ವೆಲ್ ನೀರಿನದೂ ಒಂದು ಬಾಟಲಿ ಒಯ್ಯಿರಿ. ಈ ಭಾಗದಲ್ಲಿ ಮಣ್ಣಿಗಿಂತ ನೀರೇ ಹೆಚ್ಚು ಕಾಡುತ್ತದೆ.

3. ಪಂಜರ ಕಟ್ಟಿ

ಮಂಗ ಬರುವ ಊರಲ್ಲಿ ಬರೀ ಸುತ್ತುಬೇಲಿಗೆ ದುಡ್ಡು ಹಾಕಬೇಡಿ. ಮೇಲೆ ಮುಚ್ಚದ ಬೇಲಿ ಮಂಗಕ್ಕೆ ಏಣಿ. ನೈಲಾನ್ ಬಲೆಯನ್ನು ಅವು ಹಲ್ಲಿನಿಂದಲೇ ಹರಿಯುತ್ತವೆ. ಅದು ಸಾಲದೆಂಬಂತೆ ಸಡಿಲ ನೈಲಾನಿಗೆ ಹಾವು, ಹಕ್ಕಿ ಸಿಕ್ಕಿಬೀಳುತ್ತವೆ. ಆರೂ ಬದಿಗೆ ಲೆಕ್ಕ ಹಾಕಿ: ನಾಲ್ಕು ಗೋಡೆ, ಮೇಲ್ಛಾವಣಿ, ನೆಲ.

ಬೇಕಾಗುವ ಸಾಮಾನು:

— 1 ಇಂಚಿನ ಕಬ್ಬಿಣದ ಆಂಗಲ್, 20 ಅಡಿಯವು 7. ಇದರಲ್ಲಿ 8 ಅಡಿಯ ಏಳು ಕಂಬ (ಮೂಲೆಗೆ ನಾಲ್ಕು, ಉದ್ದ ಬದಿಗಳ ನಡುವೆ ಎರಡು, ಬಾಗಿಲಿಗೆ ಒಂದು), ಮೇಲಿನ ಚೌಕಟ್ಟು, ನಡುವೆ 6 ಅಡಿಯ ಒಂದು ತೊಲೆ, ಬಾಗಿಲಿನ ಚೌಕಟ್ಟು ಆಗುತ್ತವೆ.

— ಜಿ.ಐ. ವೆಲ್ಡ್‌ಮೆಶ್, ಅಂದರೆ ತಂತಿಗಳನ್ನು ಬೆಸೆದ ಚೌಕ ಕಣ್ಣಿನ ಜಾಳಗಿ: ಕಣ್ಣು 1 ಇಂಚು, 14 ಗೇಜು, 3 ಅಡಿ ಅಗಲ, 100 ಅಡಿ ಉದ್ದ. ಗೇಜಿನ ಅಂಕಿ ಏರಿದಷ್ಟೂ ತಂತಿ ತೆಳ್ಳಗೆ. ಅಂಗಡಿಯವರು 18 ಗೇಜು ತೋರಿಸಿ ಅಗ್ಗವೆಂದರೆ ಬೇಡವೆನ್ನಿ. ಜಿ.ಐ. ಎಂದರೆ ಸತುವಿನ ಲೇಪ ಕೊಟ್ಟದ್ದು, ತುಕ್ಕು ಬೇಗ ಹಿಡಿಯದು.

— ಅರ್ಧ ಇಂಚು ಕಣ್ಣಿನ ಜಾಳಗಿ: 2 ಅಡಿ ಅಗಲ, 40 ಅಡಿ ಉದ್ದ. ಇದು ಹೆಗ್ಗಣ, ಹಂದಿಗೆ.

— ಕಟ್ಟುವ ತಂತಿ 2 ಕೆ.ಜಿ., ಎರಡು ಬಿಜಾಗರಿ, ಗಟ್ಟಿ ಚಿಲಕ, ಒಂದು ಬೀಗ.

ಕಂಬಕ್ಕೆ 2 ಅಡಿ ಆಳದ ಕುಣಿ ತೆಗೆಯಿರಿ. ಎರಿ ನೆಲದಲ್ಲಿ ಅಗೆದ ಮಣ್ಣನ್ನೇ ಮತ್ತೆ ತುಂಬಿದರೆ ಬೇಸಿಗೆಯಲ್ಲಿ ಕುಗ್ಗಿ ಕಂಬದ ಸುತ್ತ ಬೆರಳು ಹೋಗುವಷ್ಟು ಸಂದು ಬಿಡುತ್ತದೆ, ಮುಸಿಯಾ ಮಾಳಿಗೆಯಿಂದ ಹಾರಿದ ಪೆಟ್ಟಿಗೆ ವಾಲುತ್ತದೆ. ಕುಣಿಗೆ ಮೊರಂ ಮತ್ತು ಕಲ್ಲುಚೂರು ಹಾಕಿ, ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ಹಾರೆಯಿಂದ ಧಮ್ಮಸು ಮಾಡಿ. ಮೇಲೆ ಉಳಿಯುವುದು 6 ಅಡಿ.

ಮೇಲಿನ ಚೌಕಟ್ಟು, ನಡುತೊಲೆ ಬೆಸೆದ ನಂತರ ಜಾಳಗಿ. ಗೋಡೆಗೆ ಎರಡು ಸುತ್ತು ಬರುತ್ತದೆ. ಮೇಲಿನ ಪಟ್ಟಿ ಕೆಳಗಿನದರ ಮೇಲೆ 2 ಇಂಚು ಕೂರಲಿ. ಆಗ ಬುಡದಲ್ಲಿ 2 ಇಂಚು ತೆರೆದುಕೊಳ್ಳುತ್ತದೆ, ಅದನ್ನು ಅರ್ಧ ಇಂಚಿನ ಜಾಳಗಿ ಮುಚ್ಚುತ್ತದೆ. ಛಾವಣಿಗೆ ಉದ್ದಕ್ಕೆ ಎಳೆಯದೆ, 6 ಅಡಿಯ ನಾಲ್ಕು ತುಂಡು ಕತ್ತರಿಸಿ ಅಡ್ಡಲಾಗಿ ಹಾಸಿ. ಹೀಗಾದರೆ ನಡುವಿನ ಕೂಡು ಸರಿಯಾಗಿ ತೊಲೆಯ ಮೇಲೆ ಬೀಳುತ್ತದೆ. ಪ್ರತಿ 6 ಇಂಚಿಗೆ ಒಂದು ತಂತಿ ಗಂಟು. ಆಧಾರವಿಲ್ಲದ ಕೂಡಿಗೆ 3 ಇಂಚಿಗೊಂದು. ತಂತಿಯ ಚೂಪು ತುದಿಗಳನ್ನು ಹೊರಗೆ ಬಿಡಬೇಡಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರುತ್ತವೆ.

ಈಗ ಬುಡ. ಇಲ್ಲಿ ಜಿಪುಣತನ ಮಾಡಿದವರ ಪಂಜರವೆಲ್ಲ ಹೆಗ್ಗಣಕ್ಕೆ ಮನೆ. 2 ಅಡಿ ಅಗಲದ ಸಣ್ಣ ಕಣ್ಣಿನ ಜಾಳಗಿಯನ್ನು ನಡುವೆ ಮಡಚಿ. ಅರ್ಧ ಗೋಡೆಗೆ ಮೇಲ್ಮುಖವಾಗಿ ಕಟ್ಟಿ, ಉಳಿದರ್ಧವನ್ನು ಹೊರಬದಿಗೆ ನೆಲದ ಮೇಲೆ ಹಾಸಿ, 3 ಇಂಚು ಮಣ್ಣು ಎಳೆದು ಮೇಲೆ ಫರ್ಸಿ ತುಂಡು ಜೋಡಿಸಿ. ಹೆಗ್ಗಣವಾಗಲಿ ಹಂದಿಯಾಗಲಿ ಗೋಡೆಯ ಬುಡಕ್ಕೇ ಬಂದು ಅಗೆಯುತ್ತದೆ, ಕಾಲಡಿ ಜಾಳಗಿ ಸಿಕ್ಕರೆ ಒಂದಡಿ ಹಿಂದೆ ಸರಿದು ಅಗೆಯುವ ಯೋಚನೆ ಸಾಮಾನ್ಯವಾಗಿ ಮಾಡುವುದಿಲ್ಲ. ಒಳಬದಿಗೆ ಮಡಚಿದರೆ ಈ ಉಪಾಯ ಕೆಲಸ ಮಾಡದು. ಮೂಲೆಗಳಲ್ಲಿ ಬೀಳುವ ಚೌಕ ಸಂದಿಗೆ ಬೇರೆ ತುಂಡು ಕತ್ತರಿಸಿ ಕಟ್ಟಿ.

ಬಾಗಿಲು ಎರಡೂವರೆ ಅಡಿ ಅಗಲ, ಚಿಕ್ಕ ಬದಿಗೆ. ಹೊಸ್ತಿಲಿಗೆ ಒಂದು ಫರ್ಸಿ. ಮಂಗಕ್ಕೆ ಚಿಲಕ ಸರಿಸುವುದು ಕಷ್ಟದ ಕೆಲಸವೇನಲ್ಲ, ಬೀಗವೋ ಕೊಂಡಿಯೋ ಇರಲೇಬೇಕು. ಪಂಜರ ಗಟ್ಟಿಯಿದ್ದೂ ಬೆಳೆ ಹೋದ ಕಡೆ ವಿಚಾರಿಸಿದರೆ ಹತ್ತಕ್ಕೆ ಒಂಬತ್ತು ಬಾರಿ ಬಾಗಿಲೇ ತೆರೆದಿರುತ್ತದೆ.

ಬಳ್ಳಿಗಳನ್ನು ಜಾಳಗಿಗೆ ಹಬ್ಬಿಸಬೇಡಿ. ಹೊರಕ್ಕೆ ಇಣುಕಿದ ಕುಡಿಯನ್ನು ಮುಸಿಯಾ ಹಿಡಿದೆಳೆದರೆ ಬಳ್ಳಿಯೇ ಬರುತ್ತದೆ. ಅರ್ಧ ಅಡಿ ಒಳಗೆ ತೊಗರಿ ಕಟ್ಟಿಗೆಯ ಚಪ್ಪರ ಮಾಡಿ.

4. ಪಂಜರ ಕೈಗೆಟುಕದಿದ್ದರೆ

ಕಡಿಮೆ ಖರ್ಚಿನ ದಾರಿಗಳಿವೆ, ಆದರೆ ಪ್ರತಿಯೊಂದಕ್ಕೂ ಮಿತಿಯಿದೆ.

ಹಂದಿ ಮತ್ತು ಚಿಗರಿಗೆ ಹಳೆ ಸೀರೆ. ನೆಲ ಮುಟ್ಟುವಂತೆ ಸುತ್ತ ಬಿಗಿಯಾಗಿ ಕಟ್ಟಿದರೆ ಆಚೆ ಏನಿದೆಯೆಂದು ಕಾಣದೆ ಹಿಂಜರಿಯುತ್ತವೆ. ಕೆಲವು ವಾರ ನಡೆಯುತ್ತದೆ, ಬಿಸಿಲಿಗೆ ಬಟ್ಟೆ ಜೂಲಾದ ಮೇಲೆ ಬದಲಿಸಬೇಕು. ನವಿಲಿಗೆ ಮಡಿಯ ಮೇಲೆ ಎರಡೆರಡು ಅಡಿಗೆ ಅಡ್ಡಡ್ಡ ದಾರ ಎಳೆಯಿರಿ, ಇಳಿಯಲು ಜಾಗ ಸಿಗಬಾರದು. ಮೊಳಕೆ ಗೇಣುದ್ದ ಏಳುವವರೆಗೆ ಜಾಲಿಯ ಒಣ ಮುಳ್ಳು ಹರಡಿ. ಅಳಿಲಿಗೆ 1 ಇಂಚಿನ ಕಣ್ಣು ಸಾಲದು, ನುಸುಳಿಬಿಡುತ್ತದೆ. ಅದಕ್ಕೆ ಟೊಮ್ಯಾಟೊವನ್ನು ತುದಿ ಕೆಂಪಡರುತ್ತಿದ್ದಂತೆ ಕಿತ್ತು ಒಳಗೆ ಬುಟ್ಟಿಯಲ್ಲಿ ಹಣ್ಣುಮಾಡಿ. ರುಚಿಯಲ್ಲಿ ನಷ್ಟ ಕಡಿಮೆ.

ಮಂಗಕ್ಕೆ ಪಟಾಕಿ, ತಗಡಿನ ಸದ್ದು, ಹುಲಿಯ ಗೊಂಬೆ, ಹೊಳೆಯುವ ಪಟ್ಟಿ ಎಲ್ಲವೂ ಕೆಲವೇ ದಿನದ ಆಟ. ನಾಲ್ಕೈದು ದಿನಕ್ಕೊಮ್ಮೆ ಬದಲಿಸಿದರೆ, ಜಾಗ ಸರಿಸಿದರೆ ತುಸು ಹೆಚ್ಚು ನಡೆಯುತ್ತವೆ. ಖಾರದ ಪುಡಿ ಸಿಂಪಡಣೆ ಒಂದು ಮಳೆಗೆ ತೊಳೆದುಹೋಗುತ್ತದೆ. ಪಂಜರವಿಲ್ಲದ ಮನೆಯವರು ಅವು ಅಷ್ಟಾಗಿ ಬಯಸದ ಬೆಳೆಗಳನ್ನೇ ಹೊರಗೆ ಇಡಲಿ: ಉಳ್ಳಾಗಡ್ಡಿ, ಬಳ್ಳೊಳ್ಳಿ, ಪುದಿನಾ, ಅರಿಷಿಣ, ಹಾಗಲ, ಪುಂಡಿ. ಹಸಿದ ಹಿಂಡಿಗೆ ಇದೂ ಗ್ಯಾರಂಟಿಯಲ್ಲ. ಓಣಿಯಲ್ಲಿ ಯಾರಾದರೂ ಬಾಳೆಹಣ್ಣು, ರೊಟ್ಟಿ ಹಾಕುತ್ತಿದ್ದರೆ ಮೊದಲು ಅವರ ಜೊತೆ ಮಾತಾಡಿ. ಅದು ನಿಲ್ಲದೆ ಯಾವ ಉಪಾಯವೂ ನಿಲ್ಲದು.

ಮನೆಯ ಕರೆಂಟನ್ನು ತಂತಿಗೆ ಕೊಡುವುದನ್ನು ಯಾರು ಹೇಳಿದರೂ ಮಾಡಬೇಡಿ. ಅದು ಅಪರಾಧ, ಸಾಯುವುದು ಹಂದಿಯೇ ಆಗಬೇಕೆಂದಿಲ್ಲ. ಹೊಲದ ಮನೆಯವರು ಸೋಲಾರ್ ಬೇಲಿ ಹಾಕಿಸುವುದಾದರೆ, ಕ್ಷಣಕ್ಕೊಮ್ಮೆ ಸಣ್ಣ ಮಿಡಿತದ ಆಘಾತ ಕೊಡುವ ಯಂತ್ರವಿರುವುದನ್ನೇ ಕೊಳ್ಳಿ. ಹಂದಿಗೆ ನೆಲದಿಂದ 8 ಇಂಚು ಮತ್ತು 16 ಇಂಚಿಗೆ ಎರಡು ತಂತಿ ಸಾಕು. ಈ ಬೇಲಿ ಬೇಸಿಗೆಯಲ್ಲಿ ಸುಮ್ಮನಾಗುವುದಕ್ಕೆ ಕಾರಣ ಬಹಳ ಸಲ ಅರ್ಥಿಂಗ್: ಎರಿ ನೆಲ ಒಣಗಿ ಬಿರಿದಾಗ ಅರ್ಥಿಂಗ್‌ಗೆ ನೆಲದಲ್ಲಿ ಹೂಳಿದ ಸರಳಿಗೂ ಮಣ್ಣಿಗೂ ಸಂಪರ್ಕ ತಪ್ಪುತ್ತದೆ. ಸರಳಿನ ಸುತ್ತ ಇದ್ದಿಲು, ಉಪ್ಪು ತುಂಬಿ ವಾರಕ್ಕೊಮ್ಮೆ ನೀರು ಹಾಕಿ. ಮಳೆಗಾಲದಲ್ಲಿ ಹುಲ್ಲು ತಂತಿಗೆ ತಾಗಿ ಬಲ ಸೋರುತ್ತದೆ, ಸವರುತ್ತಿರಬೇಕು.

ವಿಷ, ಉರುಲು, ಸಿಡಿಮದ್ದು ಬೇಡವೇ ಬೇಡ. ನವಿಲು, ಚಿಗರಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆಯಿದೆ. ಹೆಗ್ಗಣಕ್ಕೂ ಪುಡಿ ವಿಷ ಇಡುವ ಬದಲು ಬೋನು ಇಡಿ. ವಿಷ ತಿಂದ ಹೆಗ್ಗಣವನ್ನು ಬೆಕ್ಕು, ಗೂಬೆ ತಿನ್ನುತ್ತವೆ.

5. ನೀರಿನ ಲೆಕ್ಕ

ಎರಡೂ ಮಡಿ ಸೇರಿ ಸುಮಾರು 5 ಚದರ ಮೀಟರ್. ಮೇ ತಿಂಗಳಲ್ಲಿ ನೆರಳು, ಮುಚ್ಚಿಗೆ ಎರಡೂ ಇಲ್ಲದಿದ್ದರೆ ದಿನಕ್ಕೆ 35–40 ಲೀಟರ್ ಬೇಕು. ನೆರಳಿನ ಬಲೆ ಕಟ್ಟಿ, ಮಣ್ಣಿನ ಮೇಲೆ 3 ಇಂಚು ಜೋಳದ ಕಣಿಕೆಯ ತುಂಡು ಅಥವಾ ಕಬ್ಬಿನ ರವದಿ ಹಾಸಿದರೆ 20–25 ಲೀಟರ್‌ಗೆ ಇಳಿಯುತ್ತದೆ. ತೊಗರಿ ಹೊಟ್ಟೂ ಆದೀತು, ಒರಲೆ ಬರುವುದನ್ನು ನೋಡಿಕೊಳ್ಳಬೇಕು. ಕಾಂಡದಿಂದ 2 ಇಂಚು ದೂರವಿರಲಿ. ಎರಿ ಮಣ್ಣಿಗೆ ಮುಚ್ಚಿಗೆಯಿಂದ ಇನ್ನೊಂದು ಲಾಭ: ಬಿರಿಯುವುದಿಲ್ಲ. ಒಮ್ಮೆ ಬಿರಿದರೆ ಹಾಕಿದ ನೀರು ಬಿರುಕಿನಲ್ಲಿ ಇಳಿದು ಬೇರಿಗೆ ಸಿಗದೆ ಹೋಗುತ್ತದೆ. ಆಗ ಮೊದಲು ಗೊಬ್ಬರದ ಪುಡಿ ತುಂಬಿ ಬಿರುಕು ಮುಚ್ಚಿ, ನೀರು ಆಮೇಲೆ.

ಬಳ್ಳಿಗಳಿಗೆ ಮಡಕೆ ನೀರಾವರಿ ಈ ಸೀಮೆಯಲ್ಲಿ ಬಹಳ ಒಪ್ಪುತ್ತದೆ. ಬಣ್ಣ, ಲೇಪ ಇಲ್ಲದ 5–8 ಲೀಟರ್ ಮಣ್ಣಿನ ಮಡಕೆ ತನ್ನಿ, ರಾತ್ರಿ ನೀರು ತುಂಬಿಡಿ. ಬೆಳಗ್ಗೆ ಹೊರಮೈ ಬೆವೆತಿದ್ದರೆ ಸರಿ. ಒಣಗಿದ್ದರೆ ಹೆಚ್ಚು ಸುಟ್ಟದ್ದು, ವಾಪಸು ಕೊಡಿ. ಕುತ್ತಿಗೆಯವರೆಗೆ ಹೂಳಿ, ಸುತ್ತ ಒಂದು ಗೇಣು ದೂರಕ್ಕೆ ನಾಲ್ಕು ಬೀಜ ಹಾಕಿ, ಬಾಯಿಗೆ ಫರ್ಸಿ ತುಂಡು ಮುಚ್ಚಿ. ಮುಚ್ಚದಿದ್ದರೆ ಸೊಳ್ಳೆ. ಬೇಸಿಗೆಯಲ್ಲಿ ಎರಡು–ಮೂರು ದಿನಕ್ಕೊಮ್ಮೆ ತುಂಬಬೇಕು. ಗಡಸು ನೀರು ಬಳಸುವವರಿಗೆ ವರ್ಷದೊಳಗೆ ಮಡಕೆಯ ರಂಧ್ರ ಕಟ್ಟುತ್ತದೆ, ಬದಲಿಸಿ.

ಯಾವ ನೀರು ಬೇಡ ಎಂಬುದನ್ನೂ ತಿಳಿದಿರಿ. ಕೂಲರ್ ತಳದ ನೀರನ್ನು ಗಿಡಕ್ಕೆ ಹಾಕುವುದು ನಮ್ಮಲ್ಲಿ ರೂಢಿ. ದಿನವಿಡೀ ನೀರು ಆವಿಯಾಗಿ ಉಪ್ಪು ಮಾತ್ರ ಉಳಿದಿರುವ ನೀರದು, ಎಲೆಯಂಚು ಸುಡಲು ಅದೇ ಸಾಕು. ಆರ್.ಒ. ಯಂತ್ರ ಹೊರಬಿಡುವ ನೀರೂ ಹಾಗೆಯೇ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ಧಾರಾಳ ಹಾಕಿ. ಬಟ್ಟೆ ಸೋಪಿನದು ಬೇಡ. ಮಡಿಯ ಮೇಲೆ ಬಿಳಿ ಪೊರೆ ಕಾಣಿಸಿದರೆ ಉಪ್ಪು ಕೂತಿದೆಯೆಂದು ಅರ್ಥ. ಮಾಳಿಗೆಯ ಮಳೆನೀರನ್ನು ಒಂದೆರಡು ಸಲ ಚೆನ್ನಾಗಿ ಹಾಯಿಸಿ ಬಸಿಯಬಿಡಿ.

6. ಬಿಸಿಲು, ಬಿರುಗಾಳಿ, ಆಲಿಕಲ್ಲು

ಯುಗಾದಿಯ ಹೊತ್ತಿಗೆ ಶೇ 50ರ ನೆರಳಿನ ಬಲೆ ಕಟ್ಟಿ. ಶೇ 75ರದ್ದು ಕಾಯಿಪಲ್ಯಕ್ಕೆ ಕತ್ತಲಾಗುತ್ತದೆ. ಬಲೆ ಪಂಜರದ ಛಾವಣಿಯ ಕೆಳಗೆ, ಒಳಬದಿಗೆ ಇರಬೇಕು; ಮೇಲೆ ಹಾಸಿದರೆ ಮಂಗಕ್ಕೆ ಜೋಕಾಲಿ. ಪಡುವಣಕ್ಕೆ ಮಾತ್ರ ನೆಲದವರೆಗೆ ಪರದೆ ಇಳಿಬಿಡಿ, ಬಿಸಿಗಾಳಿ ಬರುವುದು ಹೆಚ್ಚಾಗಿ ಆ ಬದಿಯಿಂದ. ಮೂಡಣ ತೆರೆದಿರಲಿ.

ಮಳೆಗೆ ಮುನ್ನ ಏಳುವ ಬಿರುಗಾಳಿಗೆ ನೆರಳಿನ ಬಲೆ ಹಾಯಿಯಂತೆ ಉಬ್ಬಿ ಕಂಬ ಎಳೆಯುತ್ತದೆ. ಎಳೆದರೆ ಬಿಚ್ಚುವ ಜಾರುಗಂಟು ಹಾಕಿ, ಮೋಡ ಕಟ್ಟಿದಾಗ ಎರಡು ನಿಮಿಷದಲ್ಲಿ ಇಳಿಸುವಂತಿರಬೇಕು. ಮಾರ್ಚ್–ಏಪ್ರಿಲ್‌ನ ಆಲಿಕಲ್ಲಿಗೆ ಮಾತ್ರ ಬಲೆ ಇಳಿಸಬೇಡಿ. ಆಗ ಅದೇ ಗಿಡಕ್ಕೆ ರಕ್ಷೆ. ಜೂನ್‌ನ ಮಿರಗ ಮಳೆ ನಾಲ್ಕು ಬಾರಿ ಚೆನ್ನಾಗಿ ಬಿದ್ದ ಮೇಲೆ ಬಲೆ ಪೂರ್ತಿ ತೆಗೆದಿಡಿ. ಮೋಡದ ದಿನಗಳಲ್ಲೂ ಬಿಟ್ಟರೆ ಗಿಡ ಸಣಕಲಾಗಿ ಮೇಲೇಳುತ್ತದೆ, ಕಾಯಿ ಕಡಿಮೆ.

7. ಯಾವ ಮಳೆಗೆ ಏನು

*ಹಸ್ತ, ಚಿತ್ತಿ (ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್).* ಇದೇ ನಮ್ಮ ನಿಜವಾದ ಹಂಗಾಮು. ಟೊಮ್ಯಾಟೊ, ಬದನೆ, ಹೂಕೋಸು, ಎಲೆಕೋಸಿನ ಸಸಿಯನ್ನು 25–30 ದಿನ ಮೊದಲೇ ಟ್ರೇಯಲ್ಲಿ ಎಬ್ಬಿಸಿಟ್ಟುಕೊಳ್ಳಿ. ಮೆಣಸಿನಕಾಯಿಗೆ 40 ದಿನ. ಟೊಮ್ಯಾಟೊಗೆ 2 ಅಡಿ, ಬದನೆಗೆ 2 ಅಡಿ, ಮೆಣಸು ಮತ್ತು ಹೂಕೋಸಿಗೆ ಒಂದೂವರೆ ಅಡಿ ಅಂತರ. ಸಂದಿಗೊಂದಿಗೆ ಮೂಲಂಗಿ, ಗಜ್ಜರಿ, ಪಾಲಕ್, ಸಬ್ಬಸಿಗೆ, ಕೋತಂಬರಿ, ಹಕ್ಕರಿಕಿ. ಮೆಂತ್ಯ ಚದರ ಮೀಟರಿಗೆ 8–10 ಗ್ರಾಂ. ಸೊಪ್ಪನ್ನು ಒಟ್ಟಿಗೆ ಬಿತ್ತಬೇಡಿ, ಹತ್ತು ದಿನಕ್ಕೊಂದು ಗೇಣಗಲದ ಪಟ್ಟಿ ಸಾಕು. ಎಳ್ಳಮಾವಾಸ್ಯೆಯ ಭಜ್ಜಿಗೂ ಎಳೆಯ ಸೊಪ್ಪು ಕೈಗೆ ಸಿಗುತ್ತದೆ. ಹಸ್ತದಲ್ಲಿ ಜೋರು ಮಳೆಯೂ ಬರಬಹುದು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದ್ದು ನೆನಪಿರಲಿ. ಟ್ರೇಯಲ್ಲಿ ಕಾಲುಭಾಗ ಸಸಿ ಹೆಚ್ಚಿಗೆ ಇಟ್ಟುಕೊಳ್ಳಿ.

*ನವೆಂಬರ್, ಡಿಸೆಂಬರ್.* ಬಳ್ಳಿ ಬೀಜ ಹಾಕಬೇಡಿ. ಬೀದರ್ ಎತ್ತರದಲ್ಲಿದೆ, ರಾತ್ರಿ ಚಳಿಗೆ ಹೀರೆ, ಸೌತೆ ಮೊಳೆತರೂ ಅಲ್ಲೇ ನಿಲ್ಲುತ್ತವೆ.

*ಸಂಕ್ರಾಂತಿಯಿಂದ ಫೆಬ್ರುವರಿ ಮಧ್ಯದವರೆಗೆ.* ಬೇಸಿಗೆಯ ಬೆಳೆಗೆ ಇದೇ ಕೊನೆಯ ಅವಕಾಶ: ಬೆಂಡೆ, ಚವಳಿಕಾಯಿ, ಸೌತೆ, ಹೀರೆ, ಸೋರೆ. ಬಿಸಿಲು ಏರುವ ಮುನ್ನ ಬೇರು ಆಳಕ್ಕಿಳಿದಿರಬೇಕು. ಮಾರ್ಚ್ ಕೊನೆಯಲ್ಲಿ ಬಿತ್ತಿದ್ದು ಮೊಳೆಯುತ್ತದೆ, ಬೆಳೆಯುವುದಿಲ್ಲ.

*ಏಪ್ರಿಲ್, ಮೇ.* ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಿದ್ದರೆ ಟೊಮ್ಯಾಟೊ ಹೂವು ಉದುರುತ್ತದೆ. ಗೊಬ್ಬರ, ಔಷಧಿ ಹಾಕಿ ಪ್ರಯೋಜನವಿಲ್ಲ, ಗಿಡ ಕಿತ್ತುಬಿಡಿ. ನೆರಳಲ್ಲಿ ಪುಂಡಿ, ರಾಜಗಿರಿ, ಬಸಳೆ, ತೊಂಡೆ ಸಾಕು. ಖಾಲಿಯಾದ ಮಡಿಯಲ್ಲಿ ಬಿಸಿಲನ್ನೇ ದುಡಿಸಿಕೊಳ್ಳಿ: ಮಣ್ಣು ಚೆನ್ನಾಗಿ ನೆನೆಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹಾಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ, 4–6 ವಾರ ಬಿಡಿ. ಕಸದ ಬೀಜ, ಸೊರಗು ರೋಗದ ಶಿಲೀಂಧ್ರ ಬಹುಪಾಲು ಬೆಂದುಹೋಗುತ್ತವೆ. ಕಪ್ಪು ಹಾಳೆ ಹಾಸಿದರೆ ಶಾಖ ಅಷ್ಟು ಆಳಕ್ಕೆ ಇಳಿಯದು.

*ಮಿರಗ (ಜೂನ್ 7–8ರಿಂದ).* ಮೊದಲ ಹನಿಗೆ ಓಡಬೇಡಿ. ಬೆರಳಿಂದ ಕೆದಕಿದಾಗ ಗೇಣುದ್ದ ತೇವ ಕಾಣಬೇಕು. ಬೆಂಡೆ, ಚವಳಿ, ಹೀರೆ, ಹಾಗಲ, ಪುಂಡಿ. ಮುಚ್ಚಿಗೆಯನ್ನು ಒಂದಿಂಚಿಗೆ ತೆಳುಮಾಡಿ, ದಪ್ಪಗಿದ್ದರೆ ಬುಡ ಕೊಳೆಯುತ್ತದೆ.

8. ಹೂವು ನಿಂತು ಕಾಯಿ ಆಗದಿದ್ದರೆ, ಎಲೆ ಹಳದಿಯಾದರೆ

1 ಇಂಚಿನ ಜಾಳಗಿಯಲ್ಲಿ ಜೇನು ಸಲೀಸಾಗಿ ಬರುತ್ತದೆ. ಕೀಟದ ಹೆದರಿಕೆಗೆ ನಾಲ್ಕೂ ಕಡೆ ಸಣ್ಣ ಬಲೆ ಮುಚ್ಚಿದವರಿಗೆ ಬಳ್ಳಿಯಲ್ಲಿ ಮಿಡಿ ಹಳದಿಯಾಗಿ ಉದುರುತ್ತದೆ. ಆಗ ಕೈಯಿಂದ ಪರಾಗ ಮುಟ್ಟಿಸಿ: ಗಂಡುಹೂವು ಕಿತ್ತು, ಬುಡದಲ್ಲಿ ಪುಟ್ಟ ಮಿಡಿಯಿರುವ ಹೆಣ್ಣುಹೂವಿಗೆ ಸವರಿ. ಸೌತೆ, ಹಾಗಲಕ್ಕೆ ಬೆಳಗ್ಗೆ. ಹೀರೆ, ಸೋರೆ ಸಂಜೆ ಅರಳುತ್ತವೆ, ಅವಕ್ಕೆ ಬೆಳಗ್ಗೆ ಹೋದರೆ ವ್ಯರ್ಥ.

ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣಾಂಶದ ಕೊರತೆ. ಎರಿ ಮಣ್ಣಿನ ಸುಣ್ಣ ಅದನ್ನು ಹಿಡಿದಿಡುತ್ತದೆ, ಹಾಗಾಗಿ ಬುಡಕ್ಕೆ ಹಾಕಿದ್ದು ಸಿಗದು. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಆದರೆ ಬೆಂಡೆಯಲ್ಲಿ ನರಗಳೇ ಹಳದಿಯಾದರೆ ಅದು ಬಿಳಿನೊಣ ತರುವ ನಂಜುರೋಗ. ಮದ್ದಿಲ್ಲ, ಕಿತ್ತು ದೂರ ಹಾಕಿ.

ಹೇನು, ಬಿಳಿನೊಣಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ಒಂದಿಷ್ಟು ಸೋಪಿನ ನೀರು. ಎಲೆಯ ಕೆಳಮೈಗೆ ಬೀಳಬೇಕು. ಹಗಲು ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಮೊದಲ ಮಳೆಯಾದ ವಾರ ಪಂಜರದ ಸುತ್ತ ಒಮ್ಮೆ ಬಗ್ಗಿ ನೋಡಿ. ಬೇಸಿಗೆಯ ಬಿರುಕು ಮುಚ್ಚಿಕೊಳ್ಳುವಾಗ ಎರಿ ಮಣ್ಣು ಉಬ್ಬಿ ಬುಡದ ಫರ್ಸಿಯನ್ನು ಎತ್ತಿರುತ್ತದೆ, ಅಲ್ಲಲ್ಲಿ ಜಾಳಗಿ ನೆಲ ಬಿಟ್ಟು ಎದ್ದಿರುತ್ತದೆ. ಹಸಿಯಿರುವಾಗಲೇ ತುಳಿದು ಕೂರಿಸಿ, ಬಿಟ್ಟ ಗಂಟುಗಳನ್ನು ಬಿಗಿದು, ಕಲ್ಲು ಮತ್ತೆ ಜೋಡಿಸಿ.